ಜಟ್ಟಿ ಗೌಡನ ಮೈಗಳ್ಳತನ

ಬೆಳಂಬಾರದ ಜಟ್ಟಿ ಗೌಡನ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಜನ. ದುಡಿಯುವವರು ಮತ್ತು ಮೈಗಳ್ಳರು. ಮೊದಲನೆಯ ಗುಂಪಿನಲ್ಲಿ ಅವನು ತನ್ನನ್ನೂ, ತೀರಿಹೋದ ತನ್ನ ಅಪ್ಪನನ್ನೂ, ಸ್ವಲ್ಪ ಅನುಮಾನದಿಂದಲೇ ಹೆಂಡತಿ ತಿಮ್ಮಿಯನ್ನೂ ಸೇರಿಸಿದ್ದ. ತಿಮ್ಮಿ ದಿನಾ ಬೆಳಿಗ್ಗೆ ತರಕಾರಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗಿ ಮಾರಿಕೊಂಡು ಬರುವವಳು. ಆದರೆ ಕೂತು ಮಾರುತ್ತಾಳಲ್ಲ ಎನ್ನುವುದು ಅವನ ಆಕ್ಷೇಪ. ಉಳಿದ ಬೆಳಂಬಾರವೆಲ್ಲ ಎರಡನೆಯ ಗುಂಪಿನಲ್ಲಿತ್ತು.

ಅವನ ಕೈಕೆಳಗೆ ಆರು ಜನರ ಒಂದು ತಂಡ ಇತ್ತು. ಮಳೆಗಾಲದಲ್ಲಿ ಗದ್ದೆ ನೆಟ್ಟಿ, ಆಮೇಲೆ ಕೊಯ್ಲು, ಚಳಿ ಬಿದ್ದ ಮೇಲೆ ಶೇಂಗಾ, ಬೇಸಿಗೆಯಲ್ಲಿ ಮನೆ ಕಟ್ಟುವವರಿಗೆ ಚಿರೇಕಲ್ಲು ಹೊರುವುದು. ಎಲ್ಲ ಕೆಲಸಕ್ಕೂ ಮೊದಲು ಬರುವವನು ಜಟ್ಟಿ, ಕೊನೆಗೆ ಹೋಗುವವನೂ ಅವನೇ. ನಡುವೆ ಯಾರಾದರೂ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ತಂಡದಲ್ಲಿದ್ದ ಭಾಸ್ಕರ ಎಂಬವನು ಒಮ್ಮೆ ಬೆನ್ನು ನೋವು ಎಂದಿದ್ದಕ್ಕೆ, "ಬೆನ್ನು ಎಲ್ಲರಿಗೂ ಅದೆ. ನೋವು ನಿಂಗೊಬ್ಬಂಗೇ ಎಂತಕೆ?" ಎಂದು ಕೇಳಿ ಒಂದು ತಿಂಗಳು ಕೆಲಸಕ್ಕೆ ಕರೆದಿರಲಿಲ್ಲ.

ಜಟ್ಟಿಗೆ ಐವತ್ತೊಂದು ನಡೆಯುವಾಗ, ಶೇಂಗಾ ಬಿತ್ತುವ ಹೊತ್ತಿನಲ್ಲಿ, ಅವನಿಗೆ ಮೊದಲ ಸಲ ಉಸಿರು ಸಿಕ್ಕಿಕೊಂಡಿತು. ಬಗ್ಗಿ ಬೀಜ ಹಾಕುತ್ತಿದ್ದವನು ಎದ್ದು ನಿಂತ. ಕಣ್ಣಿಗೆ ಕತ್ತಲೆ ಬಂತು. ಯಾರೋ ಎದೆಯೊಳಗೆ ನೀರಿನ ಪೈಪು ಹಿಚುಕಿ ಹಿಡಿದ ಹಾಗೆ ಆಯಿತು. ಬದುವಿನ ಮೇಲೆ ಮಲಗಿದ. ಎರಡು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಎದ್ದ. ಮತ್ತೆ ಅದೇ ಕತ್ತಲೆ. ಮತ್ತೆ ಮಲಗಿದ.

ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬದುವಿನ ಮೇಲೆ ಜಟ್ಟಿ ಗೌಡ ಮಲಗಿದ್ದನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಭಾಸ್ಕರ ಮಾತ್ರ ಬೀಜದ ಬುಟ್ಟಿ ಕೆಳಗಿಟ್ಟು ಬಹಳ ವಿನಯದಿಂದ ಕೇಳಿದ: "ಗೌಡ್ರೆ, ಎದೆ ಎಲ್ಲರಿಗೂ ಅದೆ ಅಲ್ವಾ?"

ಆಮೇಲಿನ ಆರು ತಿಂಗಳು ಜಟ್ಟಿ ಬದುಕಿದ್ದು ಹೀಗೆ. ಮಲಗಿದರೆ ಏನೂ ಇಲ್ಲ. ಊಟ ಸೇರುತ್ತದೆ, ಮಾತು ಬರುತ್ತದೆ, ಮುಖದಲ್ಲಿ ಕಳೆ ಇರುತ್ತದೆ. ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು, ತಲೆ ಸುತ್ತು, ಎರಡು ಸಲ ಎಚ್ಚರ ತಪ್ಪಿದ್ದೂ ಆಯಿತು. ಕೆಲಸಕ್ಕೆ ಹೊರಟರೆ ಬರುವ, ಹಾಸಿಗೆಗೆ ಬಂದರೆ ಹೋಗುವ ಕಾಯಿಲೆ. ಇಂಥ ಅನುಕೂಲದ ಕಾಯಿಲೆಯನ್ನು ಬೇರೆ ಯಾರಾದರೂ ತಂದಿದ್ದರೆ ಅವರಿಗೆ ಏನು ಹೇಳಬೇಕೆಂದು ಜಟ್ಟಿಗೆ ಚೆನ್ನಾಗಿ ಗೊತ್ತಿತ್ತು. ಈಗ ಊರು ಅದನ್ನೇ ಅವನಿಗೆ ಹೇಳಿತು. ಅವನು ಮೂವತ್ತು ವರ್ಷ ಕಲಿಸಿದ ಮಾತುಗಳು. ಯಾರಿಗೂ ಹೊಸದಾಗಿ ಹುಡುಕುವ ಕಷ್ಟವಿರಲಿಲ್ಲ.

ಪಕ್ಕದ ಮನೆಯ ಹೊನ್ನಿ ಬೇಲಿಯಾಚೆಯಿಂದ ತಿಮ್ಮಿಯನ್ನು ಕೇಳುತ್ತಿದ್ದಳು. "ಎದ್ದನೇ ನಿನ್ನ ಗಂಡ?"

"ಎದ್ದಿದ್ರು. ಮತ್ತೆ ಮನಿಕಂಡ್ರು."

"ಚೊಲೋ ಆಯ್ತು ಬಿಡು. ಇಷ್ಟು ವರ್ಷದ ನಿದ್ದೆ ಬಾಕಿ ಅದೆ ಅವಂಗೆ."

ತಿಮ್ಮಿ ನಗುತ್ತಿರಲಿಲ್ಲ. ಆದರೆ ಅವಳಿಗೂ ಒಳಗೊಳಗೇ ಸಂಶಯ ಇತ್ತು. ಇಪ್ಪತ್ತೇಳು ವರ್ಷ ಕೋಳಿ ಕೂಗುವ ಮೊದಲೇ ತನ್ನನ್ನು ಎಬ್ಬಿಸಿದ ಗಂಡಸು ಇದ್ದಕ್ಕಿದ್ದಂತೆ ಮಲಗಿ, "ತಿಮ್ಮಿ, ನೀರು ಕೊಡ್ತ್ಯಾ?" ಎಂದರೆ ಯಾವ ಹೆಂಡತಿ ತಕ್ಷಣ ನಂಬುತ್ತಾಳೆ? ಕೊಟ್ಟಳು, ಆದರೆ ಲೋಟವನ್ನು ಸ್ವಲ್ಪ ಶಬ್ದ ಮಾಡಿಯೇ ಇಟ್ಟಳು.

ಡಾಕ್ಟರಿಗೆ ತೋರಿಸಲಿಲ್ಲವೆಂದಲ್ಲ. ಮೊದಲನೆಯವರು ಗ್ಯಾಸ್ ಎಂದರು. ಎರಡನೆಯವರು ಸಣ್ಣಗೆ ಜ್ವರ, ಗಂಟು ನೋವು, ಮೈ ಇಳಿದದ್ದು ನೋಡಿ ಕಫದ ಪರೀಕ್ಷೆ ಮಾಡಿಸಿದರು. ಕ್ಷಯವಲ್ಲ ಎಂದು ಬಂತು. ಮೂರನೆಯವರು ಇಸಿಜಿ ಮಾಡಿದರು. ಇಸಿಜಿ ಮಾಡುವಾಗ ಮಲಗಿಸುತ್ತಾರೆ. ಮಲಗಿದಾಗ ಜಟ್ಟಿಗೆ ಬಹಳ ಸುಖ. ಎದೆ ಬಡಿತವೂ ಸರಿಯಾಗಿ ನಡೆದು, ಕಾಗದವೂ ಚೆನ್ನಾಗಿಯೇ ಬಂತು. ಡಾಕ್ಟರು ಕನ್ನಡಕ ತೆಗೆದು ತಿಮ್ಮಿಯನ್ನು ಕೇಳಿದರು: "ಮನೆಯಲ್ಲಿ ಏನಾದ್ರೂ ಜಗಳ ಗಿಗಳ?"

"ಇಲ್ಲ."

"ಸಾಲ ಗೀಲ?"

"ಇಲ್ಲ."

"ಹಾಗಾದ್ರೆ ಮನಸ್ಸಿನದ್ದು," ಎಂದು ನಿದ್ದೆಯ ಮಾತ್ರೆ ಬರೆದರು. ಮಲಗಿಯೇ ಇರುವವನಿಗೆ ಮಲಗಲು ಔಷಧಿ.

ಜಟ್ಟಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದರಿಂದ. ಯಾಕೆಂದರೆ ಅವನಿಗೇ ತನ್ನ ಮೇಲೆ ನಂಬಿಕೆ ಹೋಗತೊಡಗಿತ್ತು. ಮಗಳು ದೀಪಾ ಅಂಕೋಲೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಸಂಜೆ ಮನೆಗೆ ಬಂದ ಅವಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ: "ಮಗಾ, ನಾ ಖರೇನೇ ಮೈಗಳ್ಳ ಆಗಿನೇನೆ?"

ಅಪ್ಪ ದೀಪಾಳನ್ನು ಒಂದು ಪ್ರಶ್ನೆ ಕೇಳಿದ್ದೇ ಅದು ಮೊದಲ ಸಲ. ಯಾವಾಗಲೂ ಹೇಳಿಯೇ ಗೊತ್ತು ಅವನಿಗೆ. ಮರುದಿನ ಅಂಗಡಿಗೆ ರಜೆ ಹೇಳಿ, ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಕಾರವಾರಕ್ಕೆ ಹೊರಟಳು.

ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ಬಾಗಿಲ ತನಕ ಜನ. ಬೆಂಚುಗಳೆಲ್ಲ ತುಂಬಿದ್ದವು. ದೀಪಾ ಚೀಟಿ ಮಾಡಿಸಲು ಹೋದಳು. ಜಟ್ಟಿ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತ, ಆಗಲಿಲ್ಲ. ಹೆಗಲ ಮೇಲಿನ ಟವಲು ನೆಲಕ್ಕೆ ಹಾಸಿ ಅಲ್ಲೇ ಮಲಗಿಬಿಟ್ಟ. ಕಾವಲಿನ ಕಿಶನ ಓಡಿ ಬಂದ.

"ಏಳಿ, ಏಳಿ! ಇದೇನು ಧರ್ಮಶಾಲೆಯಾ? ಎಲ್ಲರೂ ನಿಂತಿಲ್ವಾ?"

"ಒಂದು ಐದು ನಿಮಿಷ..."

"ನೋಡಿದ್ರೆ ಗಟ್ಟಿಮುಟ್ಟು ಇದ್ದೀರಿ. ಏಳಿ ಮೇಲೆ."

ಮೂವತ್ತು ವರ್ಷ ತಾನೇ ಆಡಿದ ಮಾತು ಕಾಕಿ ಬಟ್ಟೆ ಹಾಕಿಕೊಂಡು ಎದುರು ನಿಂತಿತ್ತು. ಜಟ್ಟಿ ಎದ್ದ. ಎದ್ದು ಸರಿಯಾಗಿ ನಿಂತ. ಆಮೇಲೆ ಕಡಿದ ಬಾಳೆಯಂತೆ ಕಿಶನನ ಮೈಮೇಲೇ ಬಿದ್ದ. ತಿಮ್ಮಿಯ ಕೂಗು ಕೇಳಿ ಒಳಗಿನಿಂದ ಬಂದವರು ಡಾಕ್ಟರ್ ಸಂಧ್ಯಾ. ಕಾರವಾರದವರೇ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ.

ಒಳಗೆ ಮಂಚದ ಮೇಲೆ ಮಲಗಿಸುವ ಹೊತ್ತಿಗೆ ಜಟ್ಟಿಗೆ ಎಚ್ಚರವಾಗಿತ್ತು, ಮುಖಕ್ಕೆ ಕಳೆಯೂ ಬಂದಿತ್ತು. ಮಾತೂ ಸರಾಗ. ಸಂಧ್ಯಾ ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿದರು. ಎಲ್ಲದರಲ್ಲೂ ಯಾವಾಗ ತೊಂದರೆ, ಎಲ್ಲಿ ತೊಂದರೆ ಎಂದೇ ಬರೆದಿತ್ತು. ಅವರು ಕೇಳಿದ್ದು ಬೇರೆ.

"ನಿಮಗೆ ಚೊಲೋ ಅನಿಸೋದು ಯಾವಾಗ, ಗೌಡ್ರೆ?"

ಜಟ್ಟಿ ಛಾವಣಿ ನೋಡಿದ. ತಿಮ್ಮಿಯನ್ನು ನೋಡಿದ. ಬಾಗಿಲಲ್ಲಿ ಕಿಶನ ಭುಜ ಉಜ್ಜಿಕೊಳ್ಳುತ್ತ ನಿಂತಿದ್ದ. ಎಲ್ಲರ ಎದುರಿಗೆ ಹೇಳಬೇಕಾಯಿತು.

"ಮನಿಕಂಡಾಗ, ಬಾಯೋರೆ."

ಕಿಶನನಿಗೆ ನಗು ಬಂತು. ಸಂಧ್ಯಾ ನಗಲಿಲ್ಲ. ಅವರು ಸ್ಟೆತೋಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಜಟ್ಟಿಯನ್ನು ಎಡಮಗ್ಗುಲಿಗೆ ಹೊರಳಿಸಿ ಕೇಳಿದರು. ಕೂರಿಸಿ ಕೇಳಿದರು. ಬಗ್ಗಿಸಿ ಕೇಳಿದರು. ಮತ್ತೆ ಮಲಗಿಸಿದರು. ಕೂತಾಗ ಎದೆ ಬಡಿತದ ಜೊತೆಗೆ ಇನ್ನೊಂದು ಶಬ್ದ, ಕೆಸರಿಗೆ ಏನೋ ಬಿದ್ದ ಹಾಗೆ, ಮೆತ್ತಗೆ. ಮಲಗಿದಾಗ ಅದು ಇಲ್ಲ.

"ಇದನ್ನ ಯಾರೂ ಕೂರಿಸಿ ಮಲಗಿಸಿ ನೋಡಿಲ್ವಾ?"

"ಮಲಗಿಸಿಯೇ ನೋಡಿದ್ರು," ಎಂದಳು ಚೀಟಿ ಹಿಡಿದು ಒಳಗೆ ಬಂದಿದ್ದ ದೀಪಾ.

ಎಕೋ ಮಾಡುವ ಕೋಣೆಯಲ್ಲಿ ಎದೆಗೆ ತಣ್ಣಗಿನ ಅಂಟು ಹಚ್ಚಿ ಯಂತ್ರ ಓಡಿಸಿದರು. ಪರದೆಯ ಮೇಲೆ ಹೃದಯದ ಬೂದು ಬಣ್ಣದ ಕೋಣೆಗಳು ತೆರೆದು ಮುಚ್ಚುತ್ತಿದ್ದವು. ಮೇಲಿನ ಎಡಗಡೆಯ ಕೋಣೆಯಲ್ಲಿ ಒಂದು ಮುದ್ದೆ. ಮಳೆಗಾಲ ಮುಗಿಯುವಾಗ ಬೆಳಂಬಾರದ ದಂಡೆಗೆ ಬಂದು ಬೀಳುವ ಲೋಳೆಯ ಉಂಡೆಗಳ ಹಾಗೆ ಹೊಳೆಯುತ್ತಿತ್ತು, ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು. ಸಣ್ಣ ತೊಟ್ಟಿನಿಂದ ನಡುಗೋಡೆಗೆ ಅಂಟಿಕೊಂಡು ಜೋಲಿ ಹೊಡೆಯುತ್ತಿತ್ತು. ಸಂಧ್ಯಾ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಅವರ ಪುಸ್ತಕದಲ್ಲಿ ಅದರ ಚಿತ್ರ ಇತ್ತು. ಜೀವಂತ ನೋಡಿದ್ದು ಮೊದಲ ಸಲ.

ಆಮೇಲೆ ಮೂವರನ್ನೂ ಕೂರಿಸಿಕೊಂಡು ವಿವರಿಸಿದರು. ಜಟ್ಟಿಯನ್ನು ಮಾತ್ರ ಮಲಗಿಸಿಯೇ.

"ಇದಕ್ಕೆ ಮಿಕ್ಸೋಮಾ ಅಂತಾರೆ. ಹೃದಯದ ಒಳಗೆ ಬೆಳೆಯೋ ಗಡ್ಡೆ. ಬಹಳ ಅಪರೂಪ, ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬಂದ್ರೆ ಹೆಚ್ಚು. ಕ್ಯಾನ್ಸರ್ ಥರ ಕಾಣೋದಿಲ್ಲ. ಸಾಧು ಗಡ್ಡೆ."

"ಸಾಧು ಆದ್ರೆ ಅಲ್ಲೇ ಇರ್ಲಿ ಬಿಡಿ, ಬಾಯೋರೆ," ಎಂದಳು ತಿಮ್ಮಿ.

"ಗುಣ ಸಾಧು, ಅಮ್ಮಾ. ಕೂತ ಜಾಗ ಸರಿ ಇಲ್ಲ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯೋ ಬಾಗಿಲು ಅದೆಯಲ್ಲ, ಇವರು ಎದ್ದು ನಿಂತ್ರೆ ಗಡ್ಡೆ ಜಾರಿ ಆ ಬಾಗಿಲಿಗೆ ಸಿಕ್ಕಿಕೊಳ್ತದೆ. ಮಲಗಿದ್ರೆ ಹಿಂದೆ ಸರೀತದೆ."

ತಿಮ್ಮಿ ಬಾಯಿಯಲ್ಲೇ ಅದನ್ನು ತಿರುಗಿಸಿ ಹೇಳಿಕೊಂಡಳು. "ನಿಂತ್ರೆ ಬಾಗ್ಲು ಹಾಕ್ತದೆ. ಮನಿಕಂಡ್ರೆ ತೆಗಿತದೆ." ಹೇಳಿದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆರು ತಿಂಗಳು ಲೋಟ ಕುಕ್ಕಿದ ಶಬ್ದವೆಲ್ಲ ಅವಳಿಗೆ ಒಟ್ಟಿಗೇ ಕೇಳಿಸಿರಬೇಕು.

ಸಂಧ್ಯಾ ಮುಂದುವರಿಸಿದರು. ಒಂದು ದಿನ ಆ ಬಾಗಿಲು ಮುಚ್ಚಿದ್ದು ತೆರೆಯದೇ ಹೋಗಬಹುದು. ಚೂರು ಕಿತ್ತು ಮೆದುಳಿಗೆ ಹೋದರೆ ಕೈಕಾಲು ಬೀಳಬಹುದು. ಮಾತ್ರೆಯಲ್ಲಿ ಕರಗುವುದಿಲ್ಲ, ಎದೆ ತೆರೆದು ತೆಗೆಯಬೇಕು. ಇಲ್ಲಿ ಆಗುವುದಿಲ್ಲ, ಹುಬ್ಬಳ್ಳಿಗೆ ಹೋಗಬೇಕು, ಇವತ್ತೇ.

ಇಷ್ಟನ್ನೂ ಕೇಳಿದ ಜಟ್ಟಿಯ ಮುಖ ಬೆಳಗಿತು. ಆರು ತಿಂಗಳಲ್ಲಿ ಅವನು ಅಷ್ಟು ಸಂತೋಷಪಟ್ಟದ್ದಿಲ್ಲ.

"ಹಂಗಾದ್ರೆ ಬಾಯೋರೆ, ನಾ ಮೈಗಳ್ಳ ಅಲ್ಲ ಅಂತಾಯ್ತಲ್ಲ?"

"ಅಲ್ಲವೇ ಅಲ್ಲ."

"ಅದನ್ನ ಒಂದು ಕಾಗದದ ಮೇಲೆ ಬರ್ದು ಕೊಡ್ತ್ರಾ?"

ಸಂಧ್ಯಾ ಎಕೋ ರಿಪೋರ್ಟ್ ತೆಗೆದು ಕೊಟ್ಟರು. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಜಟ್ಟಿ ಅದನ್ನು ಎದೆಯ ಮೇಲಿಟ್ಟುಕೊಂಡು ಆಂಬುಲೆನ್ಸ್ ಹತ್ತಿದ. ಅಂಕೋಲೆ ದಾಟುವಾಗ ಮಗಳಿಗೆ ಹೇಳಿದ: "ನಿಮ್ಮ ಅಂಗಡಿಯಲ್ಲಿ ಇದನ್ನ ಹತ್ತು ಜೆರಾಕ್ಸ್ ಮಾಡ್ಸು. ಮೊದಲನೇದು ಭಾಸ್ಕರಂಗೆ. ಎರಡನೇದು ಹೊನ್ನಕ್ಕಂಗೆ."

"ಅಪ್ಪಾ, ಈಗ ಬೇಡ."

"ಆಮೇಲೆ ನಾ ಇರ್ಬೇಕಲ್ಲ."

ಅರಬೈಲ್ ಘಾಟಿಯ ತಿರುವುಗಳಲ್ಲಿ ಆಂಬುಲೆನ್ಸ್ ಓಲಾಡಿದಾಗ ತಿಮ್ಮಿ ಗಂಡನ ಎರಡೂ ಭುಜ ಒತ್ತಿ ಹಿಡಿದು ಕೂತಿದ್ದಳು. ಅವನು ಏಳಲು ನೋಡಿದಾಗಲೆಲ್ಲ ಗದರಿದಳು. "ಮನಿಕಣಿ ಹೋಯ್! ಎದ್ರೆ ನೋಡಿ!" ಇಷ್ಟು ವರ್ಷದಲ್ಲಿ ಅವಳು ಗಂಡನಿಗೆ ಮಲಗು ಎಂದು ಆಜ್ಞೆ ಮಾಡಿದ್ದು ಅದೇ ಮೊದಲು.

ಹುಬ್ಬಳ್ಳಿಯಲ್ಲಿ ಮರುದಿನ ಬೆಳಿಗ್ಗೆ ಆಪರೇಷನ್. ಎದೆಯ ಮೂಳೆ ಸೀಳಿ, ರಕ್ತ ಹರಿಸುವ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿ, ಹೃದಯವನ್ನು ನಿಲ್ಲಿಸಿದರು. ಜಟ್ಟಿಯ ಹೃದಯ ಹುಟ್ಟಿದ ಮೇಲೆ ಮೊದಲ ಸಲ ರಜೆ ತೆಗೆದುಕೊಂಡಿತು, ಸುಮಾರು ಮುಕ್ಕಾಲು ತಾಸು. ಆ ಹೊತ್ತಿನಲ್ಲಿ ಗಡ್ಡೆಯನ್ನು ತೊಟ್ಟಿನ ಸಮೇತ, ಅದು ಅಂಟಿದ್ದ ಗೋಡೆಯ ಚೂರನ್ನೂ ಸೇರಿಸಿ ತೆಗೆದು, ಆ ಜಾಗಕ್ಕೆ ತೇಪೆ ಹಾಕಿದರು. ಹೃದಯ ಮತ್ತೆ ಹೊಡೆದುಕೊಳ್ಳಲು ಶುರುಮಾಡಿತು.

ನರ್ಸ್ ಒಂದು ಸ್ಟೀಲಿನ ಬಟ್ಟಲಲ್ಲಿ ಗಡ್ಡೆಯನ್ನು ತಂದು ತಿಮ್ಮಿಗೆ ತೋರಿಸಿದಳು. ತಿಮ್ಮಿ ಬಗ್ಗಿ ನೋಡಿದಳು.

"ಇಷ್ಟೇಯಾ?"

"ಇಷ್ಟು ಸಾಕಲ್ಲ, ಅಮ್ಮಾ," ಎಂದಳು ನರ್ಸ್.

ದೀಪಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಗಡ್ಡೆ ಪರೀಕ್ಷೆಗೆ ಹೋಯಿತು. ಸಾಧುವೇ ಎಂದು ನಾಲ್ಕು ದಿನದ ಮೇಲೆ ಉತ್ತರ ಬಂತು. ಅಷ್ಟರೊಳಗೆ ಫೋಟೋ ಬೆಳಂಬಾರ, ಕೇಣಿ, ಹಾರವಾಡ ಎಲ್ಲ ಸುತ್ತಿತ್ತು. ಮಿಕ್ಸೋಮಾ ಎಂಬ ಹೆಸರು ಅಷ್ಟು ದೂರ ಹೋಗಲಾರದೆ ದಾರಿಯಲ್ಲೇ ಸವೆದು, ಜಟ್ಟಿ ಗೌಡನ ಎದೆಯೊಳಗೆ ಮಿಕ್ಸರ್ ಇತ್ತಂತೆ ಎಂದಾಯಿತು.

ಪ್ರಜ್ಞೆ ಬಂದು ಎರಡು ದಿನವಾದ ಮೇಲೆ ಜಟ್ಟಿಗೆ ಎಲ್ಲ ವಿವರ ತಿಳಿಯಿತು. ಎದೆ ಸೀಳಿದ್ದಕ್ಕೆ ಅವನು ಬೇಸರ ಮಾಡಲಿಲ್ಲ. ಆದರೆ ಒಂದು ವಿಷಯ ಅವನಿಗೆ ಸರಿಬರಲಿಲ್ಲ.

"ಮುಕ್ಕಾಲು ತಾಸು ನನ್ನ ಹೃದಯ ಎಂತದೂ ಮಾಡದೇ ಸುಮ್ನೆ ಕೂತಿತ್ತಾ?"

"ನಾವೇ ಕೂರಿಸಿದ್ದು," ಎಂದರು ಡಾಕ್ಟರು.

ಊರಿಗೆ ಮರಳಿದಾಗ ಜಟ್ಟಿ ಗುಣವಾಗಿದ್ದ. ನಿಂತರೆ ಉಸಿರು ಸಲೀಸು, ನಡೆದರೆ ತಲೆ ಸುತ್ತಿಲ್ಲ. ಆದರೆ ಸೀಳಿದ ಮೂಳೆ ಕೂಡಿಕೊಳ್ಳುವ ತನಕ ಮೂರು ತಿಂಗಳು ಭಾರ ಎತ್ತಬಾರದು ಎಂದು ಬರೆದುಕೊಟ್ಟಿದ್ದರು. ಹೀಗಾಗಿ ನಿಜವಾಗಿ ಕಾಯಿಲೆ ಇದ್ದಾಗ ಎದ್ದೇಳು ಎಂದು ಹಂಗಿಸಿದ ಊರು, ಕಾಯಿಲೆ ಹೋದ ಮೇಲೆ ಮಲಗು ಎಂದು ಬೆನ್ನು ಹತ್ತಿತು. ಎದೆಯ ನಡುವೆ ಗೇಣುದ್ದದ ಗೆರೆ ಕಾಣುತ್ತಿತ್ತಲ್ಲ, ಆ ಗೆರೆಗೆ ಎಲ್ಲರೂ ಮರ್ಯಾದೆ ಕೊಟ್ಟರು. ಎಳನೀರು ಬಂತು, ಬಾಳೆಹಣ್ಣು ಬಂತು. ಅಂಗಳದಲ್ಲಿ ಎರಡು ಸುತ್ತು ನಡೆದರೆ ಹೊನ್ನಿ ಬೇಲಿಯಾಚೆಯಿಂದ ಕೂಗುತ್ತಿದ್ದಳು: "ಜಟ್ಟೀ, ನಿಲ್ಬೇಡ ಮಾರಾಯಾ! ಮನಿಕೋ!"

"ಈಗ ನಿಂತ್ರೆ ಎಂತದೂ ಆಗುದಿಲ್ಲ, ಹೊನ್ನಕ್ಕ. ಬಾಗ್ಲು ತೆಗ್ದದೆ."

"ನೀ ಹೇಳ್ಬೇಡ. ಮನಿಕೋ."

ಜೆರಾಕ್ಸ್ ಪ್ರತಿ ಅವಳ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಇತ್ತು. ಅವಳು ಓದಿರಲಿಲ್ಲ. ಯಾರೂ ಓದಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಇಷ್ಟೊಂದು ಬರೆಯಬೇಕಾದರೆ ದೊಡ್ಡದೇ ಇರಬೇಕು ಎಂದು ಒಪ್ಪಿಕೊಂಡಿದ್ದರು.

ಜಟ್ಟಿಗೆ ಕೂತು ಮಾಡುವ ಕೆಲಸ ಬೇಕಾಯಿತು. ತಿಮ್ಮಿಗಾಗಿ ಹರಿವೆ ಸೊಪ್ಪು, ಬಸಳೆ ಕಟ್ಟು ಕಟ್ಟಿಕೊಡಲು ತೊಡಗಿದ. ಮೊದಲ ದಿನ ಒಂದು ತಾಸಿನಲ್ಲಿ ಬೆನ್ನು ಹಿಡಿದುಕೊಂಡಿತು. ಕೂತು ಮಾಡುವುದೂ ಕೆಲಸವೇ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಬೆನ್ನಿಗೆ ಎಣ್ಣೆ ಹಚ್ಚು ಎಂದ. ತಿಮ್ಮಿ ಹಚ್ಚಿದಳು. ಆ ದಿನಗಳಲ್ಲಿ ಅವಳು ಬುಟ್ಟಿ ಹೊತ್ತು ಹೊರಡುವಾಗ ಅವನು ಬೇಲಿಯ ಬಾಗಿಲಾದ ದಣಪೆಯ ತನಕ ಬಂದು ನಿಲ್ಲುತ್ತಿದ್ದ. ನಿಲ್ಲಲು ಆಗುತ್ತದೆ ಎನ್ನುವುದೇ ಒಂದು ಕಾರಣ.

ನಾಲ್ಕನೆಯ ತಿಂಗಳು ತಂಡ ನೋಡಲು ಹೋದ. ಅಷ್ಟು ದಿನವೂ ಭಾಸ್ಕರನೇ ಅದನ್ನು ನಡೆಸಿದ್ದ. ಬೆಳಿಗ್ಗೆ ತಡವಾಗಿ ಶುರು, ಎರಡು ಸಲ ಚಹಾ, ಮಧ್ಯಾಹ್ನ ಗೋಳಿಮರದ ಕೆಳಗೆ ಅರ್ಧ ತಾಸು ನಿದ್ದೆ. ಜಟ್ಟಿ ಒಂದು ದಿನ ಪೂರ್ತಿ ಬದುವಿನ ಮೇಲೆ ಕೂತು ನೋಡಿದ. ಸಂಜೆಗೆ ಗದ್ದೆ ಮುಗಿದಿತ್ತು. ಅವನ ಕಾಲದಲ್ಲೂ ಅದೇ ಗದ್ದೆ ಅದೇ ಸಂಜೆಗೆ ಮುಗಿಯುತ್ತಿತ್ತು.

"ನಾಳೆಯಿಂದ ನೀವೇ ನೋಡ್ಕಣಿ, ಗೌಡ್ರೆ," ಎಂದ ಭಾಸ್ಕರ.

"ನೀನೇ ನಡ್ಸು. ನಾ ಬರ್ತೆ, ಹೇಳಿದ ಕೆಲಸ ಮಾಡ್ತೆ," ಎಂದ ಜಟ್ಟಿ. ಆಮೇಲೆ ಬಹಳ ಕಷ್ಟದಿಂದ ಕೇಳಿದ: "ನಿನ್ನ ಬೆನ್ನು ಹ್ಯಾಂಗದೆ?"

ವರ್ಷ ತುಂಬಿದ ಮೇಲೆ ಮತ್ತೆ ಎಕೋ ಮಾಡಿಸಲು ಕಾರವಾರಕ್ಕೆ ಹೋದ. ಸಂಧ್ಯಾ ಪರದೆ ತಿರುಗಿಸಿ ತೋರಿಸಿದರು. ಮೇಲಿನ ಕೋಣೆ ಖಾಲಿ. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಡ್ಡೆ ಮತ್ತೆ ಬಂದಿಲ್ಲ, ಆದರೂ ವರ್ಷಕ್ಕೊಮ್ಮೆ ಬರಬೇಕು ಎಂದರು. ಜಟ್ಟಿ ಅಂಟು ಒರೆಸಿಕೊಳ್ಳುತ್ತ ಕೇಳಿದ: "ಹಿಂಗೆ ಇನ್ನೂ ಎಷ್ಟು ಜನ ಇದ್ರೇನ, ಬಾಯೋರೆ? ಮೈಗಳ್ಳ ಅಂತ ಹೇಳಿಸ್ಕಂಡು?"

"ಇರಬಹುದು," ಎಂದರು ಸಂಧ್ಯಾ. ಅವರು ಮಾಡಿದ ತಪ್ಪು ಅದೊಂದೇ.

ಅಲ್ಲಿಂದ ಜಟ್ಟಿ ಬೆಳಂಬಾರದಲ್ಲಿ ಯಾರು ಏದುಸಿರು ಬಿಟ್ಟರೂ ಕಾರವಾರಕ್ಕೆ ಓಡಿಸತೊಡಗಿದ. ಮೊದಲು ಯಾರು ಕೂತರೂ ಮೈಗಳ್ಳರಾಗಿ ಕಂಡವನಿಗೆ ಈಗ ಯಾರು ಕೂತರೂ ಎದೆಯೊಳಗೆ ಗಡ್ಡೆ ಕಂಡಿತು. ಒಬ್ಬರ ನಂತರ ಒಬ್ಬರಂತೆ ಒಂಬತ್ತು ಜನ ಹೋಗಿ ಬಂದರು. ಒಂಬತ್ತೂ ಹೃದಯ ಖಾಲಿ. ಅದರಲ್ಲಿ ಮೂವರು ನಿಜವಾಗಿಯೂ ಮೈಗಳ್ಳರೇ ಎಂದು ತಿಮ್ಮಿಯ ಅಭಿಪ್ರಾಯ. ಕೊನೆಗೆ ಸಂಧ್ಯಾ ಅವರೇ ಫೋನ್ ಮಾಡಿದರು.

"ಗೌಡ್ರೆ, ಲಕ್ಷದಲ್ಲಿ ಒಬ್ಬರಿಗೂ ಬರೋದಿಲ್ಲ ಅಂತ ಹೇಳಿದ್ದೆ ಅಲ್ವಾ?"

"ಆ ಒಬ್ಬ ನಮ್ಮ ಊರಲ್ಲೇ ಸಿಕ್ಕದ್ದು ಅಲ್ವಾ, ಬಾಯೋರೆ?" ಎಂದ ಜಟ್ಟಿ.

ಹತ್ತನೆಯವಳು ಹೊನ್ನಿಯ ಸೊಸೆ ರಂಜನಾ. ಮಧ್ಯಾಹ್ನವಾದರೆ ಮಲಗುತ್ತಾಳೆ, ಬಾವಿಯಿಂದ ಎರಡು ಕೊಡ ತಂದರೆ ಜಗಲಿಯ ಮೇಲೆ ಕೂರುತ್ತಾಳೆ ಎಂದು ದೂರು ಹೇಳಲು ಹೊನ್ನಿಯೇ ಜಟ್ಟಿಯ ಅಂಗಳಕ್ಕೆ ಬಂದಿದ್ದಳು. ಸೊಸೆಗೆ ನಾಲ್ಕು ಮಾತು ಬಿಗಿಯಾಗಿ ಹೇಳು ಎಂಬುದು ಅವಳ ಬೇಡಿಕೆ. ಆ ವಿದ್ಯೆಯಲ್ಲಿ ಜಟ್ಟಿಗೆ ಊರಲ್ಲಿ ಸರಿಸಾಟಿ ಇರಲಿಲ್ಲ. ಅವನು ಸೊಪ್ಪಿನ ಕಟ್ಟು ಕೆಳಗಿಟ್ಟು, ರಂಜನಾಳನ್ನು ಕರೆಸಿ ಮಾತನಾಡಿಸಿ, ಮರುದಿನ ದೀಪಾಳ ಜೊತೆ ಕಾರವಾರಕ್ಕೆ ಕಳಿಸಿಬಿಟ್ಟ.

ಅವಳ ಹೃದಯವೂ ಖಾಲಿಯೇ. ಆದರೆ ಮೈಯಲ್ಲಿ ರಕ್ತವೇ ಇರಲಿಲ್ಲ, ಇರಬೇಕಾದ್ದರಲ್ಲಿ ಅರ್ಧ. ಸಂಧ್ಯಾ ಕಬ್ಬಿಣದ ಮಾತ್ರೆ ಕೊಟ್ಟು, ಎರಡು ತಿಂಗಳು ಭಾರ ಎತ್ತಬಾರದು, ಮಧ್ಯಾಹ್ನ ಮಲಗಲೇಬೇಕು ಎಂದು ಈ ಸಲ ಕನ್ನಡದಲ್ಲೇ ಬರೆದು ಕಳಿಸಿದರು. ಎಲ್ಲರಿಗೂ ಓದಲು ಬಂತು. ಎರಡು ತಿಂಗಳು ಬಾವಿಯ ನೀರು ಹೊನ್ನಿಯೇ ಹೊತ್ತಳು. ಜಟ್ಟಿಯ ಮನೆಯ ಮುಂದೆ ಹಾಯುವಾಗ ಅವಳು ಈಗ ಮುಖವನ್ನು ಆ ಕಡೆ ತಿರುಗಿಸುತ್ತಾಳೆ. ಜಟ್ಟಿ ಮಾತ್ರ ಎದ್ದು ಬೇಲಿಯ ತನಕ ಬಂದು ಕೇಳುತ್ತಾನೆ:

"ಹೊನ್ನಕ್ಕಾ, ನಿಲ್ಲೇ ಸ್ವಲ್ಪ. ನಿನ್ನ ಉಸಿರು ಎಂತಕೆ ಇಷ್ಟು ಜೋರು?"